ಮೆತ್ತಗಿದ್ದದ್ದೆಲ್ಲ ಬೆಚ್ಚಗಲ್ಲ

ಹೋದ ಜನವರಿಯಲ್ಲಿ ಅಕ್ಕ ಮಗಳ ಬಾಣಂತನಕ್ಕೆಂದು ಷಿಕಾಗೋಗೆ ಹೋದಳು. ಪೆಟ್ಟಿಗೆಯಲ್ಲಿ ಅಂಟಿನುಂಡೆ, ಸಾರಿನ ಪುಡಿ, ಕೂಸಿಗೆ ಹಳೇ ಹತ್ತಿ ಸೀರೆಯ ಬಟ್ಟೆ. ಎಲ್ಲದರ ಮೇಲೆ, ಅಳಿಯ ತರಿಸಿಕೊಟ್ಟಿದ್ದ ನಾಲ್ಕು ಜೊತೆ ಕ್ಯಾಶ್ಮೀರ್ ಕಾಲುಚೀಲ. ಹೊರಡುವ ಮುಂಚೆ ಬಂದವರಿಗೆಲ್ಲ ಅವನ್ನು ತೋರಿಸಿದ್ದಳು. ಕೈಗೆ ತೆಗೆದುಕೊಂಡವರೆಲ್ಲ ಕೆನ್ನೆಗೆ ಒತ್ತಿಕೊಂಡು "ಆಹಾ, ಬೆಣ್ಣೆ!" ಅಂದಿದ್ದರು. ನಾನೂ ಅಂದಿದ್ದೆ.

ನಾಲ್ಕನೇ ದಿನ ಫೋನು. "ಒಂದರ ಮೇಲೊಂದು ಎರಡು ಜೊತೆ ಹಾಕ್ಕೊಂಡು ಹೋದೆ ಕಣೇ. ಬೀದಿ ಕೊನೆ ಮುಟ್ಟೋಷ್ಟರಲ್ಲಿ ಬೆರಳು ಇದೆಯೋ ಇಲ್ವೋ ಗೊತ್ತಾಗ್ಲಿಲ್ಲ. ಅಷ್ಟು ದುಡ್ಡು ಸುರಿದು ತರಿಸಿದಾರೆ, ಅಳಿಯಂದಿರ ಮುಂದೆ ಬಾಯಿ ಬಿಡೋದು ಹೇಗೆ? ನನ್ನ ಕಾಲೇ ಸರಿ ಇಲ್ಲ ಅನ್ಸತ್ತೆ. ವಯಸ್ಸಾಯ್ತಲ್ಲ."

ಈ ಲೇಖನ ಹುಟ್ಟಿದ್ದು ಆ ಕೊನೆಯ ಎರಡು ಮಾತಿನಿಂದ. ದುಬಾರಿ ವಸ್ತು ತಪ್ಪು ಮಾಡಲಾರದು, ತಪ್ಪೇನಿದ್ದರೂ ಕಾಲಿನದು. ಅರವತ್ತು ವರ್ಷ ತನ್ನನ್ನು ಹೊತ್ತು ತಿರುಗಿದ ಕಾಲನ್ನೇ ಅಪರಾಧಿ ಮಾಡಿ, ನಾಲ್ಕು ದಿನದ ಹಿಂದೆ ಪೊಟ್ಟಣದಿಂದ ಹೊರಬಂದ ಕಾಲುಚೀಲಕ್ಕೆ ಕ್ಲೀನ್ ಚಿಟ್ ಕೊಡುವಷ್ಟು ನಂಬಿಕೆ ನಮ್ಮೊಳಗೆ ಹೇಗೆ ಇಳಿಯಿತು?

ಇಳಿಸಿದ್ದು ಒಂದು ಏಣಿ. ಹತ್ತಿಗಿಂತ ಉಣ್ಣೆ ಮೇಲು, ಉಣ್ಣೆಗಿಂತ ಮೆರಿನೊ ಮೇಲು, ಮೆರಿನೊಗಿಂತ ಕ್ಯಾಶ್ಮೀರ್ ಮೇಲು. ಅಂಗಡಿಯವರು, ಹಬ್ಬದ ಉಡುಗೊರೆಯ ಪಟ್ಟಿ ಮಾಡುವವರು, ಹಿಮಾಲಯದ ಚಾರಣಕ್ಕೆ ಹೊರಟವರಿಗೆ ಬುದ್ಧಿ ಹೇಳುವವರು, ವಿದೇಶದಿಂದ ಬಂದ ಬಂಧುಗಳು ಎಲ್ಲರೂ ಹೇಳುವುದು ಇದನ್ನೇ. ಕೈಯಲ್ಲಿ ಕಾಸಿದ್ದರೆ ಮೇಲಿನ ಮೆಟ್ಟಿಲು, ಇಲ್ಲದಿದ್ದರೆ ಕೆಳಗಿನದು. "ಮೆರಿನೊ ಕೊಳ್ಳಲೋ ಕ್ಯಾಶ್ಮೀರ್ ಕೊಳ್ಳಲೋ" ಎಂದು ಕೇಳುವವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಅವರಿಗೆ ಬೇಕಿರುವುದು ಖರ್ಚು ಮಾಡಲು ಒಂದು ಅಪ್ಪಣೆ ಮಾತ್ರ. ಈ ಏಣಿಯೇ ಸುಳ್ಳು ಎಂಬುದು ನನ್ನ ವಾದ. ಅದನ್ನು ಹತ್ತಿದವರ ಕಾಲು ತಣ್ಣಗಾಗಿದೆ, ಜೇಬು ಹರಿದಿದೆ, ದೂರದ ಒಂದು ನಾಡಿನ ಹುಲ್ಲುಗಾವಲು ಬೋಳಾಗುತ್ತಿದೆ, ಹತ್ತಿರದ ಒಂದು ಕಸುಬು ಮಣ್ಣಾಗುತ್ತಿದೆ.

ಮೊದಲು ಬಿಸಿಯ ಮಾತು. ಕ್ಯಾಶ್ಮೀರ್ ಮಾಮೂಲಿ ಉಣ್ಣೆಗಿಂತ ಎಂಟು ಪಟ್ಟು ಬೆಚ್ಚಗೆ ಎಂದು ಮಾರುವವರು ಸಲೀಸಾಗಿ ಹೇಳುತ್ತಾರೆ. ಸ್ವಲ್ಪ ಸಂಕೋಚ ಉಳಿದವರು ಮೂರು ಪಟ್ಟು ಅನ್ನುತ್ತಾರೆ. ಎಂಟರಿಂದ ಮೂರಕ್ಕೆ ಹೀಗೆ ಸಲೀಸಾಗಿ ಇಳಿಯುವುದನ್ನು ಸಂತೆಯ ಚೌಕಾಸಿಯಲ್ಲಿ ಕಂಡಿದ್ದೇನೆ, ವಿಜ್ಞಾನದಲ್ಲಿ ಕಂಡಿಲ್ಲ. ಎಂಟು ಪಟ್ಟು ನಿಜವಾದರೆ ಒಂದು ಜೊತೆ ಕ್ಯಾಶ್ಮೀರ್ ಎಂಟು ಜೊತೆ ಉಣ್ಣೆಯ ಕಾಲುಚೀಲಕ್ಕೆ ಸಮ. ಅಕ್ಕ ಹಾಕಿದ್ದು ಎರಡು ಜೊತೆ. ಹದಿನಾರು ಜೊತೆ ಉಣ್ಣೆ ಹಾಕಿಕೊಂಡವಳ ಬೆರಳು ಬೀದಿ ಕೊನೆಯಲ್ಲಿ ಮರಗಟ್ಟಿತು ಎಂದು ನಂಬಬೇಕೇ?

ಮೆರಿನೊ ಕುರಿಯ ಕೂದಲು, ಕ್ಯಾಶ್ಮೀರ್ ಮೇಕೆಯ ಮೈಯ ಒಳತುಪ್ಪಳ. ಎರಡೂ ಕೆರಾಟಿನ್ ಎಂಬ ಒಂದೇ ಪ್ರೋಟೀನು. ನಿಮ್ಮ ಉಗುರು, ನನ್ನ ಜಡೆ ಅದೇ. ಎಳೆಗೆ ಸ್ವಂತದ ಬಿಸಿ ಇಲ್ಲ. ಎಳೆಗಳ ನಡುವೆ ಸಿಕ್ಕಿಬಿದ್ದು ಅಲುಗಾಡದೆ ನಿಂತ ಗಾಳಿಯೇ ನಮ್ಮನ್ನು ಬೆಚ್ಚಗಿಡುವುದು. ಎಳೆ ನವುರಾದಷ್ಟೂ ಹಗುರವಾಗಿ ಉಬ್ಬಿ ನಿಲ್ಲುತ್ತದೆ, ಹಾಗಾಗಿ ಹೆಗಲ ಮೇಲೆ ಸಡಿಲವಾಗಿ ಹೊದ್ದ ಪಶ್ಮೀನಾ, ಅಂದರೆ ನವುರು ಕ್ಯಾಶ್ಮೀರಿನ, ಶಾಲು ತನ್ನ ತೂಕಕ್ಕೆ ಮೀರಿ ಬೆಚ್ಚಗಿರುತ್ತದೆ. ಅದು ಶಾಲಿನ ಗುಣ. ಕಾಲುಚೀಲದ ಮೇಲೆ ಅರವತ್ತು ಎಪ್ಪತ್ತು ಕಿಲೋದ ಆಸಾಮಿ ನಿಂತಿರುತ್ತಾನೆ! ಅಂಗಾಲಿನ ಕೆಳಗೆ ಮೊದಲು ಚಪ್ಪಟೆಯಾಗುವುದೇ ಆ ಮೆತ್ತನೆಯ ಉಬ್ಬು. ಒಳಗಿದ್ದ ಗಾಳಿ ಹೊರಹೋಯಿತೆಂದರೆ ಕೊಟ್ಟ ದುಡ್ಡೂ ಅದರ ಜೊತೆ ಹೋಯಿತೆಂದೇ ಲೆಕ್ಕ. ಅಕ್ಕ ಮಾಡಿದ್ದು ಇನ್ನೂ ಒಂದು ಕೈ ಮೇಲು. ಮೊದಲೇ ಅಳತೆಗೆ ಸರಿಯಾಗಿದ್ದ ಶೂಗೆ ಎರಡು ಪದರ ತುರುಕಿದಳು. ಗಾಳಿಗೂ ಜಾಗವಿಲ್ಲ, ಬೆರಳಿಗೆ ರಕ್ತ ಹರಿಯಲೂ ದಾರಿಯಿಲ್ಲ. ಇನ್ನೊಂದು ಪದರ ಸೇರಿಸಿದ್ದರೆ ಇನ್ನಷ್ಟು ತಣ್ಣಗಾಗುತ್ತಿತ್ತು. ಚಪ್ಪಲಿ ಕಚ್ಚುವುದು ಹಾಕಿಕೊಂಡವರಿಗೇ ಗೊತ್ತು ಅನ್ನುತ್ತೇವೆ. ಕ್ಯಾಶ್ಮೀರ್ ಕಚ್ಚಿದರೆ ಮಾತ್ರ ಹಾಕಿಕೊಂಡವರೂ ಒಪ್ಪುವುದಿಲ್ಲ.

ಇನ್ನು ಬಾಳಿಕೆ. ಮೆರಿನೊ ಎಳೆ ಸಾಮಾನ್ಯವಾಗಿ ಆರರಿಂದ ಹತ್ತು ಸೆಂಟಿಮೀಟರ್ ಉದ್ದ. ಕ್ಯಾಶ್ಮೀರ್ ಎಳೆ ಮೂರು ನಾಲ್ಕು ಸೆಂಟಿಮೀಟರ್ ಮುಟ್ಟಿದರೆ ಹೆಚ್ಚು. ನೂಲು ಎಂದರೆ ಎಳೆಗಳನ್ನು ಒಂದಕ್ಕೊಂದು ಹೊಸೆದು ಹಿಡಿಸಿದ್ದು. ಗಿಡ್ಡ ಎಳೆಗೆ ಹಿಡಿತ ಕಡಿಮೆ, ತಿಕ್ಕಿದರೆ ಕಳಚಿ ಬರುತ್ತದೆ, ಮೇಲೆ ಗುಂಜು ಗುಂಜಾಗಿ ನಿಲ್ಲುತ್ತದೆ. ಈಗ ಹೇಳಿ, ನಾವು ತೊಡುವ ಬಟ್ಟೆಗಳಲ್ಲಿ ಅತಿ ಹೆಚ್ಚು ತಿಕ್ಕಾಟ ಯಾವುದಕ್ಕೆ? ಶೂಗೂ ಹಿಮ್ಮಡಿಗೂ ನಡುವೆ ದಿನಕ್ಕೆ ಸಾವಿರಾರು ಸಲ ಅರೆಸಿಕೊಳ್ಳುವ ಆ ಅಂಗೈಯಗಲದ ಜಾಗಕ್ಕೆ. ಸಿಗುವ ಎಳೆಗಳಲ್ಲೆಲ್ಲ ಸೂಕ್ಷ್ಮವಾದದ್ದನ್ನು ಆರಿಸಿ ಅಲ್ಲಿ ಇಡುವ ಜಾಣತನಕ್ಕೆ ಏನು ಹೆಸರಿಡೋಣ? ರೇಷ್ಮೆ ಸೀರೆಯಲ್ಲಿ ನೆಲ ಒರೆಸುವವರನ್ನು ಕಂಡರೆ ನಾವು ಶ್ರೀಮಂತರು ಅನ್ನುವುದಿಲ್ಲ, ತಲೆ ಕೆಟ್ಟವರು ಅನ್ನುತ್ತೇವೆ.

ಏಪ್ರಿಲ್‌ನಲ್ಲಿ ಅಕ್ಕ ವಾಪಸು ಬಂದಾಗ ಆ ಕಾಲುಚೀಲಗಳಲ್ಲಿ ಒಂದನ್ನು ಕೇಳಿ ಇಸಿದುಕೊಂಡೆ. ಹಿಮ್ಮಡಿಯ ಭಾಗವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ತೂತು ಬಿದ್ದಿರಲಿಲ್ಲ. ಆದರೆ ಎದುರು ಮನೆಯ ತೆಂಗಿನ ಮರ ಅದರ ಮೂಲಕ ಕಾಣುತ್ತಿತ್ತು. ಕ್ಯಾಶ್ಮೀರ್ ಪೂರ್ತಿ ಸವೆದುಹೋಗಿ ಒಳಗಿನ ನೈಲಾನ್ ಬಲೆ ಮಾತ್ರ ಉಳಿದಿತ್ತು, ಸೊಳ್ಳೆ ಪರದೆಯ ಹಾಗೆ. ಮೂರು ತಿಂಗಳು ಅಕ್ಕ ಆ ಪರದೆಯ ಮೇಲೆ ನಡೆದಿದ್ದಳು, ಕ್ಯಾಶ್ಮೀರ್ ಮೇಲೆ ನಡೆಯುತ್ತಿದ್ದೇನೆ ಎಂಬ ಧೈರ್ಯದಲ್ಲಿ.

"ಮಿಕ್ಕವು ಏನಾದವು?" ಎಂದೆ. ಅಕ್ಕ ನಕ್ಕಳು. ಬಾಣಂತಿ ಮನೆಯಲ್ಲಿ ಕೂಸಿನ ಬಟ್ಟೆಯ ರಾಶಿಯ ಜೊತೆ ಅವೂ ವಾಷಿಂಗ್ ಮಷೀನಿಗೆ ಹೋಗಿ, ಡ್ರೈಯರಿಗೆ ಹೋಗಿ, ಗೇಣುದ್ದ ಆಗಿ ಹೊರಬಂದವಂತೆ. "ಮಗೂಗೆ ಸರಿಹೋಯ್ತು ಬಿಡು." ತಣ್ಣೀರಲ್ಲಿ, ಕೈಯಲ್ಲಿ, ಹಿಂಡದೆ, ನೇತುಹಾಕದೆ, ಮಟ್ಟಸವಾಗಿ ಹರಡಿ ಒಣಗಿಸಬೇಕು ಎಂಬ ಉಪಚಾರ ಬೇಡುವ ಬಟ್ಟೆಯನ್ನು ಬಹಳ ಬೆವರುವ, ದಿನಾ ಒಗೆಯಬೇಕಾದ ಜಾಗಕ್ಕೆ ಹೆಣೆದುಕೊಟ್ಟವರಿಗೆ ನಮಸ್ಕಾರ. ಕಾಲುಚೀಲಕ್ಕೂ ಬಾಣಂತನ ಮಾಡಲು ಇನ್ನೊಬ್ಬ ಅಕ್ಕನನ್ನು ಕರೆಸಬೇಕು.

ಹೆಸರಿನ ಮೋಸಕ್ಕೆ ಬರೋಣ. ಅಮೆರಿಕದ ಕಾನೂನಿನ ಪ್ರಕಾರ ಕ್ಯಾಶ್ಮೀರ್ ಎನಿಸಿಕೊಳ್ಳಲು ಎಳೆಯ ಸರಾಸರಿ ದಪ್ಪ 19 ಮೈಕ್ರಾನ್ ಮೀರಬಾರದು. ಎಳೆಯ ದಪ್ಪಕ್ಕೆ ಇಷ್ಟು ಶಿಸ್ತು. ಆದರೆ ಪೊಟ್ಟಣದ ಮುಂಭಾಗದಲ್ಲಿ ಅಂಗೈಯಗಲದ ಅಕ್ಷರದಲ್ಲಿ "ಕ್ಯಾಶ್ಮೀರ್ ಬ್ಲೆಂಡ್" ಎಂದಿರುವುದನ್ನು ತಿರುಗಿಸಿ, ಹಿಂಭಾಗದ ಇರುವೆ ಸಾಲಿನಂಥ ಅಕ್ಷರ ಓದಿ. ವಿಸ್ಕೋಸ್ ಇಷ್ಟು, ನೈಲಾನ್ ಇಷ್ಟು, ಉಣ್ಣೆ ಇಷ್ಟು, ಕೊನೆಯಲ್ಲಿ ಕ್ಯಾಶ್ಮೀರ್ ಶೇಕಡ 5. ನಾನು ಕೈಗೆತ್ತಿಕೊಂಡು ನೋಡಿದ ಪೊಟ್ಟಣಗಳ ಕತೆ ಇದೇ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ. ನೈಲಾನ್ ಸೇರಿಸುವುದರಲ್ಲಿ ತಪ್ಪಿಲ್ಲ. ಮೆರಿನೊ ಕಾಲುಚೀಲಕ್ಕೂ ಹಿಮ್ಮಡಿ ಗಟ್ಟಿಯಾಗಲೆಂದು ಸೇರಿಸುತ್ತಾರೆ, ಸೇರಿಸಬೇಕು. ಅಲ್ಲಿ ಉಣ್ಣೆ ಯಜಮಾನ, ನೈಲಾನ್ ಆಳು. ಇಲ್ಲಿ ಆಳೇ ಪೂರ್ತಿ ಮನೆ ನಡೆಸುತ್ತಿದ್ದಾನೆ, ಯಜಮಾನನ ಫೋಟೋ ಮಾತ್ರ ಗೋಡೆಯ ಮೇಲಿದೆ.

ಇಷ್ಟಾದರೂ ಕ್ಯಾಶ್ಮೀರೇ ಮೇಲು ಅನ್ನುವವರಿಗೆ ಒಂದೇ ಪ್ರಶ್ನೆ. ಆ ಮೇಕೆಗಳನ್ನು ಸಾಕುವವರು ತಮ್ಮ ಕಾಲಿಗೆ ಏನು ಹಾಕಿಕೊಳ್ಳುತ್ತಾರೆ?

ಲಡಾಖಿನ ಚಾಂಗ್‌ತಾಂಗ್ ಸಮುದ್ರಮಟ್ಟದಿಂದ ನಾಲ್ಕು ಸಾವಿರ ಮೀಟರಿಗೂ ಮೇಲಿನ ಬಯಲು. ಚಳಿಗಾಲದಲ್ಲಿ ಅಲ್ಲಿ ಮೈನಸ್ 30 ಡಿಗ್ರಿ ಹೊಸದಲ್ಲ. ಜಗತ್ತಿನ ಅತ್ಯಂತ ನವುರಾದ ಪಶ್ಮೀನಾ, 12ರಿಂದ 15 ಮೈಕ್ರಾನಿನದು, ಅಲ್ಲಿನ ಚಾಂಗ್‌ಪಾ ಜನರ ಮೇಕೆಗಳ ಮೈಯಿಂದ ಬರುತ್ತದೆ. ವಸಂತದಲ್ಲಿ ಅದನ್ನು ಬಾಚಿ ತೆಗೆದು ಮಾರುತ್ತಾರೆ. ತಾವು ಮೈಗೆ ಹಾಕಿಕೊಳ್ಳುವುದು ಕುರಿ ಉಣ್ಣೆಯ ನಂಬು ಬಟ್ಟೆಯಲ್ಲಿ ಹೊಲಿದ ಗೊಂಚಾ ನಿಲುವಂಗಿ. ಅವರ ಡೇರೆ ಯಾಕ್ ಕೂದಲಿನದು. ಮಂಗೋಲಿಯಾದ ದನಗಾಹಿಯ ಮನೆಗೆ ಸುತ್ತ ಹೊದಿಸಿರುವುದು ಕುರಿ ಉಣ್ಣೆಯ ಫೆಲ್ಟು. ಅವನ ಬೂಟಿನೊಳಗಿನ ಸಾಂಪ್ರದಾಯಿಕ ಕಾಲುಚೀಲವೂ ಫೆಲ್ಟಿನದೇ, ದಪ್ಪ, ಒರಟು, ಗಡುಸು. ಬೆರಳು ಉಳಿಸಿಕೊಳ್ಳುವುದು ಸಾವು ಬದುಕಿನ ಪ್ರಶ್ನೆಯಾದ ಕಡೆ ಮನುಷ್ಯ ಕಾಲಿಗೆ ಕ್ಯಾಶ್ಮೀರ್ ಹಾಕಲಿಲ್ಲ. ಶಾಲು ನೇಯುವುದರಲ್ಲಿ ಜಗತ್ತಿಗೇ ಗುರುಗಳಾದ ಕಾಶ್ಮೀರದವರು ಅದನ್ನು ಹೆಗಲಿಗೆ ಏರಿಸಿದರು. ಅದನ್ನು ಕಾಲಿಗೆ ಇಳಿಸಿದ್ದು ಅಂಗಡಿಗಳು. ಬೆಂಗಳೂರಿನಲ್ಲಿ ಅದಕ್ಕೂ ಗಿರಾಕಿಗಳಿದ್ದಾರೆ. ಈ ಊರಿನ ದಾಖಲೆಯ ಚಳಿ ಎಂದರೆ 1884ರ ಜನವರಿಯ 7.8 ಡಿಗ್ರಿ. ಚಾಂಗ್‌ತಾಂಗಿನವನು ಅದನ್ನು ಬೇಸಿಗೆ ಅಂದುಕೊಂಡಾನು.

ಈ ಹುಚ್ಚಿನ ಬೆಲೆ ತೆರುತ್ತಿರುವವರು ಯಾರು? ಒಂದು ಮೇಕೆಯಿಂದ ವರ್ಷಕ್ಕೆ, ಒರಟು ಕೂದಲು ತೆಗೆದು ಶುದ್ಧ ಮಾಡಿದ ಮೇಲೆ, ಕೈಗೆ ಸಿಗುವುದು ಹೆಚ್ಚೆಂದರೆ ಇನ್ನೂರು ಗ್ರಾಮಿನ ಆಸುಪಾಸು. ಮೆರಿನೊ ಕುರಿ ನಾಲ್ಕೈದು ಕಿಲೋ ಉಣ್ಣೆ ಕೊಡುತ್ತದೆ. ಅಪ್ಪಟ ಕ್ಯಾಶ್ಮೀರಿನ ದಪ್ಪ ಕಾಲುಚೀಲ ಎರಡು ಮೂರು ಜೊತೆ ಆಯಿತೆಂದರೆ ಒಂದು ಮೇಕೆಯ ಇಡೀ ವರ್ಷದ ದುಡಿಮೆ ಮುಗಿಯಿತು. ಹಾಗಿರುವಾಗ ಕ್ಯಾಶ್ಮೀರ್ ಅಗ್ಗವಾಗಬೇಕು, ಎಲ್ಲರ ಕಾಲಿಗೂ ಸಿಗಬೇಕು ಎಂದರೆ ಮೇಕೆಗಳು ಹೆಚ್ಚಲೇಬೇಕು. ಹೆಚ್ಚಿದವು. ಮಂಗೋಲಿಯಾದಲ್ಲಿ 1990ರಲ್ಲಿ ಸುಮಾರು 50 ಲಕ್ಷ ಇದ್ದ ಮೇಕೆಗಳು ಮೂವತ್ತು ವರ್ಷ ತುಂಬುವುದರೊಳಗೆ ಎರಡೂವರೆ ಕೋಟಿ ದಾಟಿದವು. ಹಳೆಯ ಸಮಾಜವಾದಿ ವ್ಯವಸ್ಥೆ ಬಿದ್ದು, ಸಹಕಾರಿ ಸಂಘಗಳು ಮುಚ್ಚಿ, ಕೈಗೆ ರೊಕ್ಕ ತರುವ ದಾರಿ ಕ್ಯಾಶ್ಮೀರ್ ಒಂದೇ ಎಂದಾದಾಗ ದನಗಾಹಿ ಇನ್ನೇನು ಮಾಡಿಯಾನು? ಮೇಕೆ ಹುಲ್ಲನ್ನು ಬುಡದವರೆಗೂ ಮೇಯುತ್ತದೆ, ಗೊರಸು ಸಡಿಲ ಮಣ್ಣನ್ನು ಕೆದಕುತ್ತದೆ. ಹುಲ್ಲು ಸಣಕಲಾದ ಬಯಲಿಗೆ ಅವರು ಜುಡ್ ಎಂದು ಕರೆಯುವ ಭೀಕರ ಚಳಿಗಾಲ ಎರಗಿದರೆ ಹಸಿದ ಹಿಂಡುಗಳು ನಿಂತಲ್ಲೇ ಬೀಳುತ್ತವೆ. 2009-10ರ ಜುಡ್‌ನಲ್ಲಿ ಹತ್ತಾರು ಲಕ್ಷ ಜಾನುವಾರು ಸತ್ತವು. ಚಳಿ ತಡೆಯಲೆಂದು ಕೊಂಡ ವಸ್ತು, ಚಳಿಯಲ್ಲೇ ಬದುಕುವವರ ಆಸರೆಯನ್ನು ಕಿತ್ತುಕೊಳ್ಳುತ್ತದೆ. ಹೆಗಲಿನ ಒಂದು ಶಾಲು ಮೂವತ್ತು ವರ್ಷ ಬಾಳಿ ಮಗಳಿಗೆ ದಾಟಿದರೆ ಆ ಮೇಕೆಗೆ, ಆ ಹುಲ್ಲಿಗೆ ಒಂದು ಮರ್ಯಾದೆ. ಮೂರು ತಿಂಗಳಿಗೆ ಸೊಳ್ಳೆ ಪರದೆಯಾಗುವ ಕಾಲುಚೀಲಕ್ಕೆ ಆ ಹುಲ್ಲುಗಾವಲನ್ನು ತೆರುವುದು ಲೂಟಿ.

ಹಾಗಾದರೆ ಮೆರಿನೊ ಮಡಿವಂತ ವಸ್ತುವೇ? ಖಂಡಿತ ಇಲ್ಲ. ಹೆಚ್ಚು ಉಣ್ಣೆ ಬರಲೆಂದು ಆಸ್ಟ್ರೇಲಿಯಾದವರು ಚರ್ಮ ಸುಕ್ಕು ಸುಕ್ಕಾದ ಮೆರಿನೊ ತಳಿ ಬೆಳೆಸಿದರು. ಸುಕ್ಕಿನ ನಡುವೆ ಕೊಳೆ ನಿಂತಿತು, ನೊಣ ಮೊಟ್ಟೆ ಇಟ್ಟಿತು, ಹುಳ ಜೀವಂತ ಕುರಿಯನ್ನು ತಿನ್ನತೊಡಗಿತು. ಅದಕ್ಕೆ ಕಂಡುಕೊಂಡ ಪರಿಹಾರ ಮ್ಯೂಲ್ಸಿಂಗ್: ಮರಿಯ ಬಾಲದ ಸುತ್ತಲ ಚರ್ಮವನ್ನೇ ಸೀಳಿ ತೆಗೆಯುವುದು. ತಳಿಯಲ್ಲಿ ಮಾಡಿದ ತಪ್ಪಿಗೆ ಮರಿಯ ಚರ್ಮ ದಂಡ. ನ್ಯೂಜಿಲೆಂಡ್ 2018ರಲ್ಲಿ ಇದನ್ನು ನಿಷೇಧಿಸಿತು, ಆಸ್ಟ್ರೇಲಿಯಾದಲ್ಲಿ ನಡೆದೇ ಇದೆ. ಮಷೀನಿಗೆ ಹಾಕಿದರೂ ಕುಗ್ಗದ ಮೆರಿನೊ ಕಾಲುಚೀಲದ ಗುಟ್ಟೂ ಬಹುಮಟ್ಟಿಗೆ ಕ್ಲೋರಿನ್ ಸ್ನಾನ, ಅದರ ಮೇಲೆ ತೆಳುವಾದ ಪ್ಲಾಸ್ಟಿಕ್ ಲೇಪ. ಇದನ್ನೆಲ್ಲ ಪೊಟ್ಟಣದ ಮೇಲಿನ ಹಸಿರು ಬೆಟ್ಟದ ಚಿತ್ರ ಹೇಳುತ್ತದೆಯೇ? ನಡೆಯುವ ಕಾಲಿಗೆ ಮೆರಿನೊವೇ ಸರಿ ಎಂದು ನಾನು ಹೇಳುತ್ತೇನೆ; ಹೇಳುವಾಗಲೇ "ಮ್ಯೂಲ್ಸಿಂಗ್ ಮಾಡಿದ ಕುರಿಯದೋ ಅಲ್ಲವೋ" ಎಂದು ಕೇಳದೆ ಕೊಳ್ಳುವುದು ತಪ್ಪು ಎಂದೂ ಹೇಳುತ್ತೇನೆ. ಪ್ರಶ್ನೆ ಬಂದ ಕಡೆ ಉತ್ತರ ಅಚ್ಚಾಗುತ್ತದೆ. ಯಾರೂ ಕೇಳದಿದ್ದರೆ ಬೆಟ್ಟದ ಚಿತ್ರವೇ ಗತಿ.

ಕೊನೆಯ ಆರೋಪ ನಮ್ಮ ಮೇಲೆಯೇ. ಉಣ್ಣೆಯ ಬೆಲೆಯನ್ನು ಕೆನ್ನೆಯಿಂದ ಅಳೆಯುವ ಈ ಚಾಳಿ ಷಿಕಾಗೋದಲ್ಲಿ ಅಕ್ಕನ ಬೆರಳಿಗಷ್ಟೇ ತಾಗಲಿಲ್ಲ. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದ ಕುರಿಗಳು ಒಂದು ಕೋಟಿ ಹತ್ತು ಲಕ್ಷ. ಅವುಗಳಲ್ಲಿ ಬಯಲುಸೀಮೆಯ ದಖನಿ ಕುರಿ ಕರಿ ಉಣ್ಣೆಯ ತಳಿ. ಆ ಉಣ್ಣೆಯನ್ನು ಕುರುಬರು ನೂತು, ಗುಣಿ ಮಗ್ಗದಲ್ಲಿ ನೇಯ್ದು, ಹುಣಸೆ ಬೀಜದ ಗಂಜಿ ಹಚ್ಚಿ ಗಡುಸು ಮಾಡಿದ್ದೇ ಕಂಬಳಿ. ಮಲೆನಾಡಿನ ನಾಟಿ ಗದ್ದೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಬಗ್ಗಿದ್ದವರಿಗೆ ಉಣ್ಣೆಯ ವಿಜ್ಞಾನವನ್ನು ಯಾರೂ ಪಾಠ ಮಾಡಬೇಕಿರಲಿಲ್ಲ. ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಿಯೂ ಮೈಗೆ ಒದ್ದೆ ಅನ್ನಿಸುವುದಿಲ್ಲ, ಹತ್ತಿ ನೆನೆದರೆ ಚಳಿ ಹಿಡಿಸುತ್ತದೆ ಎಂಬುದು ಅವರ ಬೆನ್ನಿಗೆ ಗೊತ್ತಿತ್ತು.

ಅದನ್ನು "ಚುಚ್ಚುತ್ತೆ" ಎಂದು ಬಿಟ್ಟೆವು. ಚುಚ್ಚುವುದು ನಿಜ, ದಖನಿ ಉಣ್ಣೆಯಲ್ಲಿ ಕಾಲುಚೀಲ ಹೆಣೆಯಿರಿ ಎಂದು ನಾನು ಹೇಳಲಾರೆ. ಆದರೆ ನೆಲಹಾಸಿಗೆ, ಹೊದಿಕೆಗೆ, ಶೂ ಒಳಗೆ ಹಾಕುವ ಫೆಲ್ಟಿನ ಅಟ್ಟೆಗೆ, ಗೋಡೆಯ ಶಾಖ ತಡೆಗೆ ಆ ಒರಟುತನವೇ ಬೇಕಾದದ್ದು. ಮೃದುತ್ವ ಒಂದೇ ಅಳತೆ ಎಂದುಕೊಂಡ ಪೇಟೆಗೆ ಇದು ಕಾಣಲಿಲ್ಲ. ಇವತ್ತು ಉಣ್ಣೆ ಕತ್ತರಿಸಿದ ಕೂಲಿಯೂ ಗಿಟ್ಟದೆ, ಕತ್ತರಿಸಿದ್ದನ್ನು ಅಲ್ಲೇ ಬಯಲಲ್ಲಿ ಬಿಟ್ಟು ಹೋಗುವ ಕುರಿಗಾಹಿಗಳಿದ್ದಾರೆ. ಮದುವೆ ಶಾಸ್ತ್ರಕ್ಕೆ, ದೇವರ ಗದ್ದುಗೆಗೆ ಕರಿಕಂಬಳಿ ಬೇಕು; ಚಳಿಗೆ ಮಾತ್ರ ಸಾಗರ ದಾಟಿ ಬಂದದ್ದೇ ಆಗಬೇಕು. ಕಂಬಳಿಯಲ್ಲಿ ಕೂತು ಉಂಡು ಕೂದಲು ಬಂತು ಅಂದವರ ಗಾದೆ ನಮ್ಮದೇ ಅಲ್ಲವೇ?

ಹಾಗಾಗಿ ಇನ್ನು ಮುಂದೆ ಕೇಳಬೇಕಾದ ಪ್ರಶ್ನೆ ಬೇರೆ. ಮೆರಿನೊವೋ ಕ್ಯಾಶ್ಮೀರೋ ಎಂದು ಕೇಳುವ ಮುಂಚೆ, ಈ ಕಾಲುಚೀಲ ಎಷ್ಟು ದಪ್ಪ, ಇದು ಹೋಗುವ ಶೂನಲ್ಲಿ ಬೆರಳಾಡಿಸಲು ಜಾಗ ಇದೆಯೇ ಎಂದು ಕೇಳಿ. ಪೊಟ್ಟಣ ತಿರುಗಿಸಿ ಶೇಕಡಾವಾರು ಓದಿ. ಉಣ್ಣೆ ಅರ್ಧಕ್ಕಿಂತ ಹೆಚ್ಚಿಲ್ಲದಿದ್ದರೆ ಕೆಳಗಿಡಿ. ಹಿಮ್ಮಡಿಗೂ ಬೆರಳ ತುದಿಗೂ ನೈಲಾನ್ ಸೇರಿಸಿ ಬಿಗಿಯಾಗಿ ಹೆಣೆದಿದ್ದಾರೆಯೇ ನೋಡಿ. ಹೊರದೇಶಕ್ಕೆ ಹೊರಟ ಅಪ್ಪ ಅಮ್ಮನಿಗೆ ಕೊಡಿಸುವ ಮಕ್ಕಳೇ, ಕಾಲುಚೀಲದ ಹೆಸರಿಗೆ ಸುರಿಯುವ ದುಡ್ಡಿನಲ್ಲಿ ಒಂದು ಅಳತೆ ದೊಡ್ಡದಾದ, ಅಟ್ಟೆ ದಪ್ಪಗಿರುವ ಬೂಟು ಕೊಡಿಸಿ. ಹೊರಗೆ ಓಡಾಡಿ ಬಂದ ಮೇಲೆ ಒದ್ದೆಯಾದ ಕಾಲುಚೀಲ ಬದಲಿಸಲು ಇನ್ನೊಂದು ಜೊತೆ ಇಡಿ. ಕ್ಯಾಶ್ಮೀರ್ ಬೇಕೇ ಬೇಕೆಂದರೆ ಶಾಲು ಕೊಳ್ಳಿ, ಒಂದೇ ಕೊಳ್ಳಿ, ಜೀವಮಾನಕ್ಕೆ ಕೊಳ್ಳಿ. ಅಂಗಡಿಯವನು "ಎಂಟು ಪಟ್ಟು ಬೆಚ್ಚಗೆ" ಎಂದರೆ ಯಾರು ಅಳೆದರು, ಯಾವುದರ ಮೇಲೆ ಅಳೆದರು ಎಂದು ಕೇಳಿ. ಕೇಳಲು ನಾಚಿಕೆಪಡಬೇಡಿ, ಹೇಳುವಾಗ ಅವನು ನಾಚಿರಲಿಲ್ಲ.

ಫೆಬ್ರುವರಿಯ ಹೊತ್ತಿಗೆ ಅಕ್ಕ ತಾನೇ ದಾರಿ ಕಂಡುಕೊಂಡಿದ್ದಳು. ಹೊರಗೆ ಹೋಗಲು ಅಳಿಯನ ಹಳೆಯ ಬೂಟು, ಒಳಗೆ ಒಂದೇ ಒಂದು ಜೊತೆ ದಪ್ಪ ಉಣ್ಣೆಯ ಮಾಮೂಲಿ ಕಾಲುಚೀಲ. ಮೈನಸ್ 15ರಲ್ಲಿ ಮೊಮ್ಮಗನ ಔಷಧಿ ತರಲು ನಡೆದು ಹೋಗಿ ನಡೆದು ಬಂದಳಂತೆ. ಅವಳ ಕಾಲು ಆಗಲೂ ಸರಿಯಾಗಿತ್ತು, ಈಗಲೂ ಸರಿಯಾಗಿದೆ.

ಮುಂದಿನ ಸಲ ಅಂಗಡಿಯಲ್ಲಿ ಕಾಲುಚೀಲ ಕೈಗೆತ್ತಿಕೊಂಡಾಗ ಕೆನ್ನೆಗೆ ಒತ್ತಿಕೊಳ್ಳಬೇಡಿ. ಹಾಕಿಕೊಳ್ಳುವುದು ಕಾಲಿಗೆ.